ರೇಸ್ ಲೆಕ್ಕದ ಸಾಫ್ಟ್‌ವೇರ್‌ಗೆ ದುಡ್ಡು ಕೊಡೋ ಮುಂಚೆ
ದಾವಣಗೆರೆಯಲ್ಲಿ ರೇಸ್‌ಕೋರ್ಸ್ ಇಲ್ಲ, ಆದರೆ ಬೆಂಗಳೂರು, ಮೈಸೂರಿನ ಕುದುರೆ ರೇಸ್ ಕಾರ್ಡ್ (ಆ ದಿನ ಓಡುವ ಕುದುರೆಗಳ ಪಟ್ಟಿ) ಹಿಡಿದು ಕೂರುವವರು ಇಲ್ಲೂ ಇದ್ದೇವೆ. ಈಗ ಯಾವ ಕುದುರೆ ಗೆಲ್ಲಬಹುದು ಅಂತ ಲೆಕ್ಕ ಹಾಕುವ ಒಂದು ಸಾಫ್ಟ್‌ವೇರ್ ನೋಡುತ್ತಿದ್ದೇನೆ. ಫಾರ್ಮ್ (ಹಿಂದಿನ ಓಟಗಳಲ್ಲಿ ಕುದುರೆ ಹೇಗೆ ಓಡಿತ್ತು), ಹೊರುವ ತೂಕ, ಜಾಕಿ, ಡ್ರಾ (ಶುರುವಲ್ಲಿ ಯಾವ ಗೇಟಿನಿಂದ ಹೊರಡುತ್ತೆ), ಯಾವುದಕ್ಕೆ ಎಷ್ಟು ಅಂಕ ಅಂತ ನಾವೇ ಹಾಕಬಹುದು. ಚೆನ್ನಾಗಿದೆ. ಆದರೆ ಅದು ಅಮೆರಿಕದ ಮಣ್ಣಿನ ಟ್ರ್ಯಾಕ್‌ಗೆ ಮಾಡಿದ್ದು, ತೂಕ ಪೌಂಡಿನಲ್ಲಿ, ದೂರ ಫರ್ಲಾಂಗಿನಲ್ಲಿ. ನಮ್ಮಲ್ಲಿ ಹುಲ್ಲು, ಕೆಜಿ, 1200 ಮೀಟರ್. ಅದನ್ನೆಲ್ಲ ಬದಲಾಯಿಸಬಹುದು ಬಿಡಿ, ಮಳೆ ಬಂದು ನೆಲ ಮೆತ್ತಗಾದಾಗ ಪೆನೆಟ್ರೋಮೀಟರ್ (ನೆಲ ಎಷ್ಟು ಮೆತ್ತಗಿದೆ ಅಂತ ಅಳೆಯುವ ಸಾಧನ) ರೀಡಿಂಗ್ ಹಾಕೋಕೆ ಕಾಲಮ್ಮೇ ಇಲ್ಲ! ಇನ್ನು ಮುಗಿದ ರೇಸ್‌ಗಳನ್ನೇ ಇಟ್ಟುಕೊಂಡು ಅಂಕ ತಿದ್ದುತ್ತಾ ಹೋದರೆ ಗೆದ್ದ ಕುದುರೆ ಮೇಲೆ ಬಂದೇ ಬರುತ್ತೆ, ಅದು ಸುಮ್ನೆ ಖುಷಿಗೆ ಅಷ್ಟೇ ಅಲ್ವಾ? ಅದಕ್ಕೇ ಹೋದ ಸೀಸನ್ನಿನ ಅರ್ಧ ರೇಸ್ ಮುಟ್ಟದೆ ಪಕ್ಕಕ್ಕಿಟ್ಟಿದ್ದೇನೆ, ಅದರಲ್ಲಿ ಪಾಸಾದರೆ ಮಾತ್ರ ದುಡ್ಡು ಕೊಡೋದು.