‘ನಿಮ್ಮ ಹರಾಜು ಹೊರದೇಶದವರಿಗೆ ಹೇಗೆ ಕಾಣುತ್ತೆ?’ ಅಂತ ಕೇಳುವ ಎಲ್ಲರಿಗೂ

ನಾನು ಹಳೆ ಕ್ಯಾಮರಾ, ಹಳೆ ಲೆನ್ಸುಗಳನ್ನು ಆನ್‌ಲೈನ್ ಹರಾಜಿನಲ್ಲಿ ಮಾರುತ್ತೇನೆ. ಹೆಚ್ಚಿನವು ಇಬೇ ಅನ್ನೋ ಸೈಟಿನಲ್ಲಿ. ಕೊಳ್ಳುವವರಲ್ಲಿ ಜಾಸ್ತಿ ಜನ ಬೇರೆ ದೇಶದವರು. ಇದು ಗೊತ್ತಾದ ಕೂಡಲೇ ಎಲ್ಲರೂ ಕೇಳುವುದು ಒಂದೇ. "ನಾವೂ ಹಾಕ್ತೀವಿ. ನಮ್ಮದು ಹೊರಗಿನವರಿಗೆ ಕಾಣೋದೇ ಇಲ್ಲ. ನಿಮ್ಮದು ಹೇಗೆ ಕಾಣುತ್ತೆ? ಏನು ಟ್ರಿಕ್ಕು?"

ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ. ಮೊದಲು ಆ ‘ಟ್ರಿಕ್ಕು’ ಅನ್ನೋ ಪದ ಬಿಡಿ. ನನಗೆ ಸಿಟ್ಟು ಬರುವುದು ಪ್ರಶ್ನೆಗಲ್ಲ, ಆ ಪದಕ್ಕೆ. ನಾನು ಏನನ್ನೋ ಬಚ್ಚಿಟ್ಟುಕೊಂಡಿದ್ದೇನೆ ಅನ್ನೋ ಅನುಮಾನ ಅದರಲ್ಲಿದೆ.

ಒಂದು ರಾತ್ರಿ ಹನ್ನೊಂದು ಗಂಟೆಗೆ ಹಳೇ ಗೆಳೆಯನೊಬ್ಬ ಫೋನ್ ಮಾಡಿದ. "ಹತ್ತು ದಿನದ ಹರಾಜು ಹಾಕಿದೀನಿ. ಎಂಟು ದಿನ ಆಯ್ತು, ಒಂದು ಬಿಡ್ಡೂ ಇಲ್ಲ ಕಣೋ. ಹೊರಗಿನವರಿಗೆ ಕಾಣೋ ಹಾಗೆ ಮಾಡೋ ಆ ಬಟನ್ ಎಲ್ಲಿದೆ, ಹೇಳು" ಅಂದ.

ಅವನ ಲಿಸ್ಟಿಂಗ್, ಅಂದರೆ ಮಾರಾಟಕ್ಕಿಟ್ಟ ವಸ್ತುವಿನ ಪುಟ, ತೆಗೆದು ನೋಡಿದೆ. ಟೈಟಲ್ಲಿನಲ್ಲಿ ‘ಒಲಿಂಪಸ್ ಕ್ಯಾಮರಾ ವೆರಿ ಗುಡ್ ವರ್ಕಿಂಗ್ ರೇರ್’ ಅಂತಿತ್ತು. ಫೋಟೋದಲ್ಲಿದ್ದದ್ದು ಒಲಿಂಪಸ್ ಮ್ಯೂ-2. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಫಿಲ್ಮ್ ಕ್ಯಾಮರಾ. 1997ರಲ್ಲಿ ಬಂದದ್ದು, ಇವತ್ತಿಗೂ ಜನ ಹುಡುಕಿಕೊಂಡು ಬಂದು ಕೊಳ್ಳುತ್ತಾರೆ. ಅಂಥ ವಸ್ತು ಇಟ್ಟುಕೊಂಡು ಅದರ ಹೆಸರನ್ನೇ ಬರೆದಿರಲಿಲ್ಲ. ಶಿಪ್ಪಿಂಗ್ ನೋಡಿದೆ. ಸ್ವಂತ ದೇಶದೊಳಗೆ ಮಾತ್ರ ಅಂತಿತ್ತು.

"ಹೊರಗೆ ಕಳಿಸೋದೇ ಇಲ್ಲ ಅಂತ ನೀನೇ ಹಾಕಿದೀಯಲ್ಲೋ?"

"ಹೌದು. ಮೊದಲು ಯಾರಾದ್ರೂ ನೋಡ್ಲಿ, ಕೇಳ್ಲಿ. ಆಮೇಲೆ ಕಳಿಸಿದ್ರಾಯ್ತು."

ಅದನ್ನು ಬದಲಾಯಿಸು, ಟೈಟಲ್ ಸರಿಮಾಡು ಅಂತ ಬಿಡಿಸಿ ಹೇಳಿದೆ. ಬಿಡ್ ಬಂದಿಲ್ಲ, ಇನ್ನೂ ಎರಡು ದಿನ ಇದೆ, ಈಗಲೂ ತಿದ್ದಬಹುದು ಅಂದೆ. ಎಲ್ಲ ಕೇಳಿಸಿಕೊಂಡು, "ಅದೆಲ್ಲ ನಂಗೂ ಗೊತ್ತು ಕಣೋ. ನೀನು ನಿಜವಾಗ್ಲೂ ಏನು ಮಾಡ್ತೀಯ ಅದನ್ನ ಹೇಳು" ಅಂದ. ಇಷ್ಟೇ ಮಾಡೋದು ಅಂದೆ. "ಹೇಳೋಕೆ ಇಷ್ಟ ಇಲ್ಲ ಅಂದ್ರೆ ಬಿಡು" ಅಂತ ಫೋನ್ ಇಟ್ಟುಬಿಟ್ಟ.

ಆ ಮಾತು ನನಗೆ ನೋವು ಮಾಡಿತು. ಅದಕ್ಕೇ ನನಗೆ ಗೊತ್ತಿರುವುದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದು ಅವನ ಆ ಶಿಪ್ಪಿಂಗ್ ವಿಷಯವೇ. ಇಬೇಯಲ್ಲಿ ನೀವು ಯಾವ ದೇಶಕ್ಕೆ ಕಳಿಸುವುದಿಲ್ಲ ಅಂತ ಹಾಕಿದ್ದೀರೋ ಆ ದೇಶದವರ ಹುಡುಕಾಟದಲ್ಲಿ ನಿಮ್ಮ ವಸ್ತು ಸಾಮಾನ್ಯವಾಗಿ ಬರುವುದೇ ಇಲ್ಲ. ಜರ್ಮನಿಯವನು ಅಲ್ಲಿನ ಇಬೇಯಲ್ಲಿ ಹುಡುಕಿದರೆ, ಜರ್ಮನಿಗೆ ಕಳಿಸುತ್ತೇನೆ ಅಂದವರ ವಸ್ತುಗಳು ಅವನ ಮುಂದೆ ಬರುತ್ತವೆ. ಬಾಗಿಲು ಹಾಕಿಕೊಂಡು ಕೂತರೆ ನೆಂಟರು ಬರುತ್ತಾರಾ? ‘ಯಾರಾದ್ರೂ ಕೇಳಲಿ’ ಅಂತ ಕಾಯುವುದರಲ್ಲಿ ಅರ್ಥವೇ ಇಲ್ಲ. ಕಾಣದೇ ಇರುವವನು ಏನಂತ ಕೇಳುತ್ತಾನೆ?

ಕಳಿಸದ ದೇಶಗಳ ಪಟ್ಟಿಯನ್ನೂ ಒಮ್ಮೆ ತೆಗೆದು ನೋಡಿ. ಎಂದೋ ಹೆದರಿಕೊಂಡು ಇಡೀ ಖಂಡಗಳಿಗೇ ಗುರುತು ಹಾಕಿ ಮರೆತವರನ್ನು ನೋಡಿದ್ದೇನೆ. ಇನ್ನು, ಅಂಚೆ ಖರ್ಚು ಬರೆಯದೆ ‘ವಿಚಾರಿಸಿ’ ಅಂತ ಬಿಡಬೇಡಿ. ಬೆಲೆಯ ಜೊತೆ ಅಂಚೆ ಖರ್ಚನ್ನೂ ಕೂಡಿಸಿ, ಕಡಿಮೆಯದು ಮೊದಲು ಬರುವ ಹಾಗೆ ಜೋಡಿಸಿ ನೋಡುವವರು ತುಂಬಾ ಜನ ಇದ್ದಾರೆ. ಖರ್ಚೇ ಗೊತ್ತಿಲ್ಲದ ವಸ್ತುವಿಗೆ ಅವರ ಲೆಕ್ಕದಲ್ಲಿ ಜಾಗ ಇಲ್ಲ. ಪಾರ್ಸಲ್ಲನ್ನು ಮೊದಲೇ ಕಟ್ಟಿ, ತೂಗಿ, ದರ ಹಾಕಿ. ಹರಾಜು ಮುಗಿದ ಮೇಲೆ ತೂಗುವುದಲ್ಲ.

ದುಡ್ಡು ಕೊಟ್ಟು ಬೇರೆ ದೇಶದ ಸೈಟಿನಲ್ಲಿ ಎದ್ದು ಕಾಣುವ ಸೌಲಭ್ಯಗಳೂ ಇವೆ. ಇದಿಷ್ಟು ಸರಿಮಾಡಿಕೊಳ್ಳದೆ ಅದಕ್ಕೆ ದುಡ್ಡು ಹಾಕುವುದು ದಂಡ.

ಎರಡನೆಯದು ಹೆಸರು. ನನಗೆ ತುಂಬಾ ಇಷ್ಟದ ಭಾಗ ಇದು. ಜನ ಎಲ್ಲಕ್ಕಿಂತ ಬೇಗ ಹಾರಿಸಿಬಿಡುವುದೂ ಇದನ್ನೇ.

ಇಬೇಯಲ್ಲಿ ಟೈಟಲ್ಲಿಗೆ ಸಿಗುವುದು 80 ಅಕ್ಷರ. ಆ 80 ಅಕ್ಷರದಲ್ಲಿ ಕೊಳ್ಳುವವನು ಬೆರಳಲ್ಲಿ ಒತ್ತುವ ಪದಗಳು ಇರಬೇಕು. ‘ವೆರಿ ಗುಡ್’ ಅಂತ ಯಾರೂ ಹುಡುಕುವುದಿಲ್ಲ. ‘ರೇರ್’ ಅಂತಲೂ ಹುಡುಕುವುದಿಲ್ಲ. ಹಾಗಾದರೆ ಏನಂತ ಹುಡುಕುತ್ತಾರೆ? ಅದು ಅವರು ಎಲ್ಲಿದ್ದಾರೆ ಅನ್ನುವುದರ ಮೇಲೆ ಹೋಗುತ್ತದೆ.

ಗೆಳೆಯನ ಕ್ಯಾಮರಾವನ್ನೇ ತಗೊಳ್ಳಿ. ಅದರ ಮೇಲೆ ಗ್ರೀಕ್ ಅಕ್ಷರ ಮ್ಯೂ ಇದೆ. ಪಕ್ಕದಲ್ಲಿ ಎಂ-ಜೆ-ಯು ಅಂತ ಉಚ್ಚಾರಣೆಯನ್ನೂ ಅಚ್ಚುಹಾಕಿದ್ದಾರೆ. ಯುರೋಪಿನವರು ಎಂ-ಜೆ-ಯು ಅಂತ ಟೈಪ್ ಮಾಡುತ್ತಾರೆ. ಆದರೆ ಉತ್ತರ ಅಮೆರಿಕದಲ್ಲಿ ಇದೇ ಕ್ಯಾಮರಾ ಮಾರಾಟವಾದದ್ದು ‘ಸ್ಟೈಲಸ್ ಎಪಿಕ್’ ಅನ್ನೋ ಹೆಸರಲ್ಲಿ. ಒಳಗಿನ 35 ಮಿಲಿಮೀಟರ್ ಎಫ್ 2.8 ಲೆನ್ಸು ಅದೇ, ಹೆಸರು ಮಾತ್ರ ಬೇರೆ. ಆ ಹೆಸರಲ್ಲೇ ಅದನ್ನು ಕಂಡು ಬೆಳೆದ ಅಮೆರಿಕದವನಿಗೆ ಮ್ಯೂ ಅಂದರೆ ಏನೂ ಅನ್ನಿಸದೇ ಇರಬಹುದು.

ಇದು ಒಲಿಂಪಸ್‌ನ ಕತೆ ಮಾತ್ರ ಅಲ್ಲ. 1985ರಲ್ಲಿ ಮಿನೋಲ್ಟಾ ಕಂಪನಿ 7000 ಅನ್ನೋ ಆಟೋಫೋಕಸ್ ಕ್ಯಾಮರಾ ತಂದಿತು. ಅಮೆರಿಕದಲ್ಲಿ ಅದು ಮ್ಯಾಕ್ಸಮ್ 7000, ಜಪಾನಿನಲ್ಲಿ ಆಲ್ಫಾ 7000, ಯುರೋಪಿನಲ್ಲಿ 7000 ಎಎಫ್. ಮುಂದೆ ಬಂದ ಮಾದರಿಗಳಿಗೆ ಯುರೋಪಿನಲ್ಲಿ ಡೈನಾಕ್ಸ್ ಅಂತ ಹೆಸರಿಟ್ಟರು. ನಿಕಾನ್ ಎಫ್80 ಅಮೆರಿಕದಲ್ಲಿ ಎನ್80. ಕ್ಯಾನನ್‌ನ ಇಒಎಸ್ 500 ಜಪಾನಿಗೆ ಹೋದರೆ ‘ಕಿಸ್’, ಅಮೆರಿಕಕ್ಕೆ ಹೋದರೆ ‘ರೆಬೆಲ್’. ಇಂಥ ಒಂದೊಂದು ಹೆಸರು ಸಿಕ್ಕಾಗಲೂ ಒಂದು ಹೊಸ ದೇಶ ತೆರೆದುಕೊಂಡ ಹಾಗೆ ನನಗೆ ಖುಷಿಯಾಗುತ್ತದೆ. ಎರಡೂ ಹೆಸರನ್ನು ಟೈಟಲ್ಲಿಗೆ ಹಾಕಿ. ಎರಡೂ ಆ ವಸ್ತುವಿನದೇ ಹೆಸರು, ಹಾಗಾಗಿ ತಪ್ಪೇನಿಲ್ಲ. ಸಂಬಂಧವೇ ಇಲ್ಲದ ಬ್ರ್ಯಾಂಡಿನ ಹೆಸರು ತುರುಕುವುದು ಬೇರೆ ಮಾತು. ಅದು ನಿಯಮಕ್ಕೆ ವಿರುದ್ಧ, ಹುಡುಕಿ ಬಂದವನಿಗೆ ಮೋಸ ಕೂಡ.

ಲೆನ್ಸಾದರೆ ಮೌಂಟ್, ಅಂದರೆ ಅದು ಕ್ಯಾಮರಾಕ್ಕೆ ಕೂಡುವ ಬಗೆ, ಬರೆಯಲೇಬೇಕು. ಎಂ42 ಅಂತ ಬರೆದರೆ 42 ಮಿಲಿಮೀಟರಿನ ತಿರುಪಿನ ಮೌಂಟ್ ಅಂತ ಎಲ್ಲ ದೇಶದವರಿಗೂ ಅರ್ಥವಾಗುತ್ತದೆ. ಲೆನ್ಸಿಗೆ ಜರ್ಮನ್ನರು ‘ಒಬ್ಯೆಕ್ಟೀಫ್’ ಅನ್ನುತ್ತಾರೆ, ಇಟಲಿಯವರು ‘ಒಬ್ಯೆತ್ತೀವೊ’ ಅನ್ನುತ್ತಾರೆ. ಎಂ42 ಮಾತ್ರ ಎಲ್ಲ ಕಡೆ ಎಂ42. ಬೇರೆ ಭಾಷೆಯವರಿಗೆ ಇಬೇ ಟೈಟಲ್ಲನ್ನು ಯಂತ್ರದಿಂದ ಅನುವಾದ ಮಾಡಿ ತೋರಿಸುತ್ತದೆ. ಅಂಕಿಗಳು, ಮಾದರಿ ಹೆಸರುಗಳು ಹಾಗೇ ದಾಟಿಹೋಗುತ್ತವೆ. ನಿಮ್ಮ ಚುಟುಕು ಸಂಕೇತಗಳು, ಮಧ್ಯೆ ಹಾಕುವ ನಕ್ಷತ್ರಗಳು ದಾರಿಯಲ್ಲೇ ಉದುರುತ್ತವೆ. ಸುಮ್ನೆ ಸರಳ ಪದ ಬರೆಯಿರಿ.

ಕ್ಯಾಮರಾ ಬಿಟ್ಟು ಬೇರೆ ಮಾರುವವರಿಗೂ ಇದೇ ಮಾತು. ಶೂ ಆದರೆ ಬ್ರಿಟನ್, ಅಮೆರಿಕ, ಯುರೋಪ್ ಮೂರೂ ಅಳತೆ ಬರೆಯಿರಿ. ಡಿವಿಡಿ ಆದರೆ ರೀಜನ್, ಅಂದರೆ ಅದು ಯಾವ ಪ್ರದೇಶದ ಪ್ಲೇಯರಿನಲ್ಲಿ ಓಡುತ್ತೆ ಅನ್ನೋ ಸಂಖ್ಯೆ, ಬರೆಯಿರಿ. ಅಮೆರಿಕ, ಕೆನಡಾಗಳದ್ದು 1. ಜಪಾನ್ ಮತ್ತು ಯುರೋಪಿನ ಬಹುಭಾಗದ್ದು 2.

ಸಮಯದ ವಿಷಯ ಬೇಗ ಮುಗಿಸುತ್ತೇನೆ. ಹರಾಜು 1, 3, 5, 7 ಅಥವಾ 10 ದಿನದ್ದು. ಯಾವ ಗಂಟೆಗೆ ಶುರುವಾಯಿತೋ ಕೊನೇ ದಿನ ಅದೇ ಗಂಟೆಗೆ ಮುಗಿಯುತ್ತದೆ. ಹಾಗಾಗಿ ನಿಮಗೆ ಬಿಡುವು ಸಿಕ್ಕಾಗ ಹಾಕಬೇಡಿ. ಕೊಳ್ಳುವವನು ಎದ್ದಿರುವ ಹೊತ್ತಿಗೆ ಮುಗಿಯುವ ಹಾಗೆ ಹಾಕಿ. ಲಂಡನ್ನಿನಲ್ಲಿ ಚಳಿಗಾಲದ ರಾತ್ರಿ 8 ಗಂಟೆ ಅಂದರೆ ಬರ್ಲಿನ್ನಿನಲ್ಲಿ 9, ನ್ಯೂಯಾರ್ಕಿನಲ್ಲಿ ಮಧ್ಯಾಹ್ನ 3, ಲಾಸ್ ಏಂಜಲೀಸ್‌ನಲ್ಲಿ ಮಧ್ಯಾಹ್ನ 12. ಟೋಕಿಯೋದಲ್ಲಿ ಮಾತ್ರ ಬೆಳಗಿನ ಜಾವ 5. ಎಲ್ಲರಿಗೂ ಹೊಂದುವ ಹೊತ್ತು ಇಲ್ಲ. ಯಾರಿಗೆ ಮಾರುತ್ತಿದ್ದೀರಿ ಅಂತ ನೀವೇ ಆರಿಸಿಕೊಳ್ಳಬೇಕು. ಮಾರ್ಚ್‌ನಲ್ಲಿ ಇನ್ನೊಂದು ಎಚ್ಚರ ಬೇಕು. ಅಮೆರಿಕದವರು ಆ ತಿಂಗಳ ಎರಡನೇ ಭಾನುವಾರ ಬೇಸಿಗೆಗೆಂದು ಗಡಿಯಾರ ಒಂದು ಗಂಟೆ ಮುಂದಿಟ್ಟರೆ, ಯುರೋಪಿನವರು ಕೊನೇ ಭಾನುವಾರ ಇಡುತ್ತಾರೆ. ನಡುವಿನ ಎರಡು ಮೂರು ವಾರ ನಿಮ್ಮ ಲೆಕ್ಕ ಒಂದು ಗಂಟೆ ತಪ್ಪುತ್ತದೆ.

ಮುಗಿಯುವ ಹೊತ್ತು ಅಷ್ಟು ಮುಖ್ಯವಾ ಅಂದರೆ, ಹೌದು. ಆಲ್ವಿನ್ ರಾತ್, ಆಕ್ಸೆಲ್ ಓಕೆನ್‌ಫೆಲ್ಸ್ ಅನ್ನೋ ಅರ್ಥಶಾಸ್ತ್ರಜ್ಞರು 2002ರಲ್ಲಿ ಇದರ ಬಗ್ಗೆಯೇ ಬರೆದಿದ್ದಾರೆ. ಆಗ ಅಮೆಜಾನ್ ಕೂಡ ಹರಾಜು ನಡೆಸುತ್ತಿತ್ತು. ಅಲ್ಲಿ ಕೊನೇ ಹತ್ತು ನಿಮಿಷದಲ್ಲಿ ಬಿಡ್ ಬಂದರೆ ಸಮಯ ಮುಂದಕ್ಕೆ ಹೋಗುತ್ತಿತ್ತು. ಇಬೇಯಲ್ಲಿ ಹಾಗಲ್ಲ, ಗಂಟೆ ಬಡಿದರೆ ಮುಗಿಯಿತು. ಅದಕ್ಕೇ ಇಬೇಯಲ್ಲಿ ಕೊನೇ ಗಳಿಗೆಯ ಬಿಡ್ಡುಗಳು ತುಂಬಾ ಜಾಸ್ತಿ ಅಂತ ಅವರು ಕಂಡುಕೊಂಡರು.

ಕಾಣುವುದಕ್ಕೆ ಬೇಕಾದದ್ದು ಇಷ್ಟೇ. ಇದನ್ನು ಹೇಳಿ ಮುಗಿಸಿದಾಗಲೆಲ್ಲ ನನಗೆ ಒಂದು ಆಸೆ ಉಳಿದುಬಿಡುತ್ತದೆ. ‘ಕಂಡವನು ಯಾಕೆ ಕೊಳ್ಳದೆ ಹೋದ?’ ಅಂತ ಒಬ್ಬರಾದರೂ ಕೇಳಬಾರದಾ? ಆ ಪ್ರಶ್ನೆಗೆ ರಾತ್ರಿಯೆಲ್ಲ ಕೂತು ಉತ್ತರ ಹೇಳುತ್ತೇನೆ.

ನನ್ನದೊಂದು ಎಂ42 ಲೆನ್ಸಿಗೆ ಜರ್ಮನಿಯಿಂದ ಒಬ್ಬರು ಸಂದೇಶ ಕಳಿಸಿದ್ದರು. ಯಂತ್ರದಲ್ಲಿ ಅನುವಾದವಾಗಿ ಬಂದ ಎರಡೇ ವಾಕ್ಯ. ಲೆನ್ಸಿನ ಹಿಂದಿನಿಂದ ಟಾರ್ಚ್ ಹಿಡಿದು ಮುಂದಿನಿಂದ ಒಂದು ಫೋಟೋ ತೆಗೆಯುತ್ತೀರಾ ಅಂತ. ನಾನು ‘ಗಾಜು ಸ್ವಚ್ಛವಾಗಿದೆ’ ಅಂತ ಬರೆದಿದ್ದೆ. ಕಿಟಕಿ ಬೆಳಕಿನಲ್ಲಿ ನೋಡಿ ನಂಬಿಕೊಂಡೇ ಬರೆದಿದ್ದೆ. ಟಾರ್ಚ್ ಹಿಡಿದರೆ ಒಳಗಿನ ಗಾಜಿನ ಅಂಚಿನಲ್ಲಿ ಜೇಡರ ಬಲೆಯ ಎಳೆಯಂತೆ ಫಂಗಸ್. ತುಂಬಾ ಹೊತ್ತು ನೋಡುತ್ತಾ ಕೂತೆ. ಆಮೇಲೆ ಆ ಫೋಟೋವನ್ನೇ ಲಿಸ್ಟಿಂಗಿಗೆ ಸೇರಿಸಿ, ವಿವರಣೆಯಲ್ಲಿ ಫಂಗಸ್ ಇದೆ ಅಂತ ಬರೆದೆ. ಕೇಳಿದವರೇ ಕೊನೆಗೆ ಕೊಂಡರು. ಎಲ್ಲಿದೆ, ಎಷ್ಟಿದೆ ಅಂತ ಕಂಡಿತಲ್ಲ, ಅದನ್ನು ಬಿಚ್ಚಿ ಒರೆಸುವುದು ನನಗೆ ಗೊತ್ತು ಅಂದರು. ಅವತ್ತಿನಿಂದ ಟಾರ್ಚ್ ಫೋಟೋ ಇಲ್ಲದೆ ಒಂದು ಲೆನ್ಸನ್ನೂ ನಾನು ಹಾಕಿಲ್ಲ.

ದೂರದಲ್ಲಿರುವವನು ವಸ್ತುವನ್ನು ಕೈಯಲ್ಲಿ ಹಿಡಿಯಲಾರ. ವಾಪಸ್ ಕಳಿಸಬೇಕೆಂದರೆ ಮತ್ತೆ ಸಮುದ್ರ ದಾಟಬೇಕು. ಅವನ ಹೆದರಿಕೆ ನ್ಯಾಯವಾದದ್ದು. ತೆರಿಗೆಯ ಹೆದರಿಕೆ ಬೇರೆ. ಯುರೋಪಿಯನ್ ಒಕ್ಕೂಟದಲ್ಲಿ 22 ಯೂರೋವರೆಗಿನ ಸರಕಿಗೆ ಇದ್ದ ವ್ಯಾಟ್ ವಿನಾಯಿತಿ 2021ರ ಜುಲೈ 1ಕ್ಕೆ ಹೋಯಿತು. ಅಮೆರಿಕಕ್ಕೆ 800 ಡಾಲರ್‌ವರೆಗೆ ಸುಂಕವಿಲ್ಲದೆ ಹೋಗುತ್ತಿದ್ದ ಪಾರ್ಸಲ್ಲುಗಳಿಗೆ 2025ರ ಆಗಸ್ಟ್ 29ರಿಂದ ಆ ಅನುಕೂಲ ಇಲ್ಲ. ಬಿಡ್ ಮಾಡುವ ಮೊದಲು ಅವನು ಇದನ್ನೆಲ್ಲ ಯೋಚಿಸುತ್ತಾನೆ. ಹಾಗಾಗಿ ಕಸ್ಟಮ್ಸ್ ಫಾರಂನಲ್ಲಿ ಏನು ಬರೆಯುತ್ತೀರಿ, ಟ್ರ್ಯಾಕಿಂಗ್ ಇದೆಯಾ, ಸುಂಕ ಯಾರು ಕಟ್ಟಬೇಕು ಅನ್ನುವುದನ್ನು ಮೊದಲೇ ಬರೆದುಬಿಡಿ. ‘ಗಿಫ್ಟ್ ಅಂತ ಬರೆದು ಬೆಲೆ ಕಡಿಮೆ ಹಾಕಿ’ ಅಂತ ಕೆಲವರು ಕೇಳುತ್ತಾರೆ. ನಾನು ಒಪ್ಪುವುದಿಲ್ಲ. ಅದು ಸುಳ್ಳು ಘೋಷಣೆ. ಪಾರ್ಸಲ್ ಕಳೆದುಹೋದರೆ, ಬರೆದ ಆ ಸಣ್ಣ ಬೆಲೆಗಿಂತ ಜಾಸ್ತಿ ಪರಿಹಾರವೂ ಸಿಗುವುದಿಲ್ಲ.

ಗೆಳೆಯನ ಆ ಹರಾಜು ಬಿಡ್ಡಿಲ್ಲದೆ ಮುಗಿಯಿತು. ಕೆಲವು ವಾರ ಮಾತಿರಲಿಲ್ಲ. ಆಮೇಲೆ ಒಂದು ಸಂಜೆ ಅವನೇ ಫೋನ್ ಮಾಡಿದ. ಹೊರದೇಶದ ಶಿಪ್ಪಿಂಗ್ ಹಾಕಿದ್ದ. ಕ್ಯಾಮರಾದೊಳಗಿನ ಸಿಆರ್123 ಲಿಥಿಯಂ ಬ್ಯಾಟರಿ ತೆಗೆದಿಟ್ಟು, ಬ್ಯಾಟರಿ ಇಲ್ಲ ಅಂತಲೂ ಬರೆದಿದ್ದ. ಲಿಥಿಯಂ ಇದ್ದರೆ ವಿಮಾನದ ಪಾರ್ಸಲ್ಲಿಗೆ ತೊಂದರೆ ಅಂತ ತಾನೇ ವಿಚಾರಿಸಿಕೊಂಡಿದ್ದ. ಟ್ರಿಕ್ಕಿನ ಮಾತು ಎತ್ತಲಿಲ್ಲ.

"ಟೈಟಲ್ಲಿನಲ್ಲಿ ಇನ್ನೂ ಇಪ್ಪತ್ತು ಅಕ್ಷರ ಉಳಿದಿದೆ ಕಣೋ. ಅವತ್ತು ಹೇಳಿದ್ಯಲ್ಲ, ಇದಕ್ಕೆ ಅಮೆರಿಕದವರು ಏನೋ ಅಂತಾರೆ ಅಂತ. ಏನದು?"

ಸ್ಟೈಲಸ್ ಎಪಿಕ್ ಅಂದೆ. ಒಂದೊಂದೇ ಅಕ್ಷರ ಕೇಳಿ ಬರೆದುಕೊಂಡ.