ಬಿದ್ದರೆ ಯಾರು ನೋಡ್ಕೋತಾರೆ?

ಆರ್‌ವಿಯಲ್ಲೇ, ಅಂದರೆ ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲ ಇರುವ ಗಾಡಿಯಲ್ಲೇ, ಬದುಕುತ್ತಾ ಅಮೆರಿಕ ಸುತ್ತುತ್ತಿದ್ದೇವೆ ಅಂದ ಕೂಡಲೇ ನಮ್ಮ ಜನ ಕೇಳುವ ಪ್ರಶ್ನೆ ಒಂದೇ. ಅಡುಗೆ ಹೇಗೆ, ಸ್ನಾನದ ನೀರು ಎಲ್ಲಿಂದ ಅನ್ನುವುದೆಲ್ಲ ಆಮೇಲೆ. ಮೊದಲು ಬರುವುದು, "ವಯಸ್ಸಾಯ್ತಲ್ಲ, ಬಿದ್ದರೆ ಯಾರು ನೋಡ್ಕೋತಾರೆ?" ಏಳು ವರ್ಷ ಬಾಯಲ್ಲಿ ಹೇಳಿ ಹೇಳಿ ನನಗೆ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನು ಓದಿ ಅನ್ನುತ್ತೇನೆ.

ಹೋದ ವರ್ಷ ಹೂಸ್ಟನ್ ಹತ್ತಿರ ಪರಿಚಯದವರ ಮನೆಯಲ್ಲಿ ಗಣಪತಿ ಹಬ್ಬದ ಊಟ. ಕೋಸಂಬರಿ ಬಡಿಸುತ್ತಿದ್ದ ಒಬ್ಬರು ಸೌಟು ಹಿಡಿದುಕೊಂಡೇ ನಿಂತುಬಿಟ್ಟರು. "ಮನೆಮಠ ಇಲ್ಲದೆ ಹೀಗೆ ಅಲೀತಾ ಇದ್ರೆ ಕೊನೆಗೆ ಗತಿ ಏನ್ರೀ?" ಪಂಕ್ತಿಯಲ್ಲಿದ್ದವರೆಲ್ಲ ತಲೆ ಎತ್ತಿದರು. ಆ 'ಗತಿ' ಅನ್ನುವ ಮಾತು ನನಗೆ ನಾಟಿತು. ನನಗೆ 67, ನಮ್ಮನೆಯವರಿಗೆ 71. ಮನೆ ಮಾರಿ ಸಾಲ ತೀರಿಸಿ ಹೊರಟವರು ನಾವು. ಟೆಕ್ಸಸ್ಸಿನಲ್ಲಿ ನಮಗೊಂದು ವಿಳಾಸವಿದೆ, ಓಟಿದೆ, ಲೈಸೆನ್ಸಿದೆ. ಇದು ಯಾವ ಅಲೆದಾಟ?

"ನಿಮ್ಮನ್ನ ಯಾರು ನೋಡ್ಕೋತಾರೆ?" ಎಂದು ತಿರುಗಿ ಕೇಳಿದೆ.

"ಮಗ ಇದಾನಲ್ಲ."

"ಎಲ್ಲಿ?"

"ಸಿಯಾಟಲ್‌ನಲ್ಲಿ."

ಅಷ್ಟು ಹೇಳಿ ಅವರ ಕಣ್ಣು ತುಂಬಿಬಂತು. ನಾನು ಹಾಗೆ ಕೇಳಬಾರದಿತ್ತು. ಆದರೆ ಅವರೂ ಕೇಳಬಾರದಿತ್ತು. ನಾಲ್ಕು ಗೋಡೆ ಇದ್ದರೆ ಅದರೊಳಗೆ ನೋಡಿಕೊಳ್ಳುವವರೂ ಇದ್ದೇ ಇರುತ್ತಾರೆ ಅನ್ನುವ ನಂಬಿಕೆ ನಮ್ಮವರಿಗೆ ಎಲ್ಲಿಂದ ಬಂತೋ. ಹಾಗಿದ್ದಿದ್ದರೆ ತಂದೆತಾಯಿಯನ್ನು ಮಕ್ಕಳು ಸಾಕಲೇಬೇಕು ಎಂದು ಭಾರತದಲ್ಲಿ 2007ರಲ್ಲಿ ಕಾಯಿದೆ ಮಾಡುವ ಅಗತ್ಯವೇ ಬರುತ್ತಿರಲಿಲ್ಲ.

ಸರಿ, ಉತ್ತರಕ್ಕೆ ಬರುತ್ತೇನೆ. ಹೂಸ್ಟನ್ನಿನಿಂದ ಉತ್ತರಕ್ಕೆ ಸುಮಾರು 75 ಮೈಲಿ ಹೋದರೆ ಪೈನ್ ಮರಗಳ ನಡುವೆ ಲಿವಿಂಗ್‌ಸ್ಟನ್ ಅನ್ನುವ ಸಣ್ಣ ಊರು. ಆರ್‌ವಿಯನ್ನೇ ಮನೆ ಮಾಡಿಕೊಂಡವರ ಎಸ್ಕೇಪೀಸ್ ಕ್ಲಬ್ಬಿನ ಕೇಂದ್ರ ಅಲ್ಲಿದೆ. ಜೋ ಮತ್ತು ಕೇ ಪೀಟರ್ಸನ್ ದಂಪತಿ 1978ರಲ್ಲಿ ಶುರುಮಾಡಿದ್ದು. ಸದಸ್ಯರು ಎದುರಾದರೆ ಕೈ ಕುಲುಕುವುದಿಲ್ಲ, ಅಪ್ಪಿಕೊಳ್ಳುತ್ತಾರೆ. ನನಗೆ ಮೊದಮೊದಲು ಭಾರೀ ಮುಜುಗರವಾಗಿತ್ತು, ಈಗ ಯಾರಾದರೂ ಅಪ್ಪಿಕೊಳ್ಳದಿದ್ದರೆ ಏನೋ ಕಳೆದ ಹಾಗೆ. ನಮ್ಮ ಕಾಗದಪತ್ರವೆಲ್ಲ ಅಲ್ಲಿಗೇ ಬಂದು, ನಾವಿದ್ದಲ್ಲಿಗೆ ರವಾನೆಯಾಗುತ್ತದೆ.

ಕ್ಲಬ್ಬಿಗೆ ವಯಸ್ಸಾದಂತೆ ಸದಸ್ಯರಿಗೂ ವಯಸ್ಸಾಯಿತು. ಒಬ್ಬರಿಗೆ ಪಾರ್ಶ್ವವಾಯು, ಇನ್ನೊಬ್ಬರಿಗೆ ಕಣ್ಣು ಮಂಜು. ಇವರೆಲ್ಲ ಗಾಡಿ ಮಾರಿ ಅಸಿಸ್ಟೆಡ್ ಲಿವಿಂಗ್, ಅಂದರೆ ಊಟ, ಆರೈಕೆ ಸಿಗುವ ವೃದ್ಧರ ವಸತಿ, ಸೇರಬೇಕೆಂದರೆ ಈಗ ತಿಂಗಳಿಗೆ ಒಬ್ಬರಿಗೆ 5,000 ಡಾಲರ್ ದಾಟುವುದು ಸಾಮಾನ್ಯ. ವಯಸ್ಸಾದವರಿಗೆ ಸರ್ಕಾರದ ಆರೋಗ್ಯ ವಿಮೆಯಾದ ಮೆಡಿಕೇರ್ ಆಸ್ಪತ್ರೆಯ ಬಿಲ್ಲು ನೋಡುತ್ತದೆಯೇ ಹೊರತು ಆ ಬಾಡಿಗೆಗೆ ಒಂದು ಕಾಸೂ ಕೊಡುವುದಿಲ್ಲ. ಅದಕ್ಕೇ ಕ್ಲಬ್ಬಿನವರು ಗಾಡಿ ನಿಲ್ಲಿಸುವ ತಮ್ಮ ಪಾರ್ಕಿನ ಜಾಗದಲ್ಲೇ 1990ರ ದಶಕದಲ್ಲಿ ಕೇರ್ ಅನ್ನುವ ಲಾಭರಹಿತ ಸಂಸ್ಥೆ ಕಟ್ಟಿದರು. ನಿಮ್ಮ ಗಾಡಿಯನ್ನು ತಂದು ನಿಲ್ಲಿಸಿ ಅದರಲ್ಲೇ ಇರುತ್ತೀರಿ. ನಡೆದು ಹೋಗುವಷ್ಟು ದೂರದ ಕಟ್ಟಡದಲ್ಲಿ ಮೂರು ಹೊತ್ತು ಊಟ, ನರ್ಸು, ಹಗಲಿನ ಆರೈಕೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲು ಕಾರು. ಆಪರೇಷನ್ ಆದ ಸದಸ್ಯರು ಚೇತರಿಸಿಕೊಳ್ಳುವ ತನಕ ಇದ್ದು ಮತ್ತೆ ರಸ್ತೆಗೆ ಇಳಿಯಲೂಬಹುದು. ಹಾಸಿಗೆ ಹಿಡಿದವರಿಗೆ, ಮರೆವು ಮಿತಿಮೀರಿ ದಾರಿ ತಪ್ಪುವವರಿಗೆ ಆ ಜಾಗ ಸಾಲದು, ಅವರು ನರ್ಸಿಂಗ್ ಹೋಮಿಗೇ ಹೋಗಬೇಕು. ಇದನ್ನು ನಾನು ಮುಚ್ಚಿಡುವುದಿಲ್ಲ.

ನಾವಿಬ್ಬರೂ ಅಲ್ಲಿ ಒಂದು ಚಳಿಗಾಲ ಸ್ವಯಂಸೇವಕರಾಗಿದ್ದೆವು. ನಮ್ಮನೆಯವರು ಕಾರು ಓಡಿಸಿದರು, ನಾನು ಊಟದ ಮನೆಯಲ್ಲಿ ನಿಂತೆ. ಬಿದ್ದರೆ ಯಾರು ನೋಡ್ಕೋತಾರೆ ಅನ್ನುವವರು ಆ ಊಟದ ಮನೆಗೆ ಬೆಳಗ್ಗೆ ಬರಬೇಕು. ಎಲ್ಲರಿಗೂ ಅವರವರದೇ ಕುರ್ಚಿ. ಒಂದು ದಿನ ಒಬ್ಬರ ಕುರ್ಚಿ ಖಾಲಿ. ಕಾಫಿ ಆರುವ ಮೊದಲೇ ಮೂರು ಜನ ಕೇಳಿದರು, ನಾಲ್ಕನೆಯವರು ಆಕೆಯ ಗಾಡಿಯ ಬಾಗಿಲು ತಟ್ಟಲು ಹೋಗಿಯೇಬಿಟ್ಟಿದ್ದರು. ಆಕೆ ರಾತ್ರಿಯಿಡೀ ನಿದ್ದೆ ಬಾರದೆ ಬೆಳಗಿನ ಜಾವ ಮಲಗಿದ್ದರಷ್ಟೇ. ಎಬ್ಬಿಸಿದ್ದಕ್ಕೆ ಚೆನ್ನಾಗಿ ಬೈಸಿಕೊಂಡು ಬಂದರು, ಎಲ್ಲರೂ ನಕ್ಕರು. ನಮ್ಮ ಸೋದರತ್ತೆ ಬೆಂಗಳೂರಿನ ಸ್ವಂತ ಫ್ಲ್ಯಾಟಿನ ಬಚ್ಚಲಲ್ಲಿ ಬಿದ್ದು, ಮಧ್ಯಾಹ್ನ ಕೆಲಸದವಳು ಬರುವವರೆಗೂ ತಣ್ಣನೆ ನೆಲದ ಮೇಲಿದ್ದರು. ಅವರಿಗೆ ಮನೆಯೂ ಇತ್ತು, ಮಕ್ಕಳೂ ಇದ್ದರು.

ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ, ಅದನ್ನು ಯಾರೂ ಕೇಳುವುದಿಲ್ಲ. ಗಾಡಿ ನಿಲ್ಲಿಸುವ ದಿನ ಬಂತು ಅಂತ ಹೇಗೆ ಗೊತ್ತಾಗುತ್ತೆ? ಈ ಜನ ಅದಕ್ಕೆ 'ಕೀಲಿ ತೂಗುಹಾಕೋದು' ಅನ್ನುತ್ತಾರೆ. ನಮ್ಮದು ಫಿಫ್ತ್ ವೀಲ್. ಅದಕ್ಕೆ ಎಂಜಿನ್ ಇಲ್ಲ, ಪಿಕಪ್ ಟ್ರಕ್ಕು ಎಳೆದರೆ ಉಂಟು. ಹಾಗಾಗಿ ನಮ್ಮಂಥವರಿಗೆ ಆ ದಿನ ಎಂದರೆ ಟ್ರಕ್ಕು ಮಾರುವ ದಿನ. ಕೇರ್‌ನಲ್ಲಿದ್ದ ಒಬ್ಬ ಅಜ್ಜ ಟ್ರಕ್ಕು ಮಾರಿ ಮೂರು ವರ್ಷವಾಗಿತ್ತು. ಆದರೂ ಗಾಡಿಯ ಟೈರು ಬಿಸಿಲಿಗೆ ಬಿರಿಯದಂತೆ ಹೊದಿಕೆ ಹಾಕಿ, ತಿಂಗಳಿಗೊಮ್ಮೆ ಗಾಳಿ ನೋಡುತ್ತಿದ್ದರು. ಯಾಕೆ ಎಂದು ಕೇಳಿದೆ. "ಇದು ನನ್ನ ಮನೆ. ಮನೆಯ ಕಾಲು ಊದಿಕೊಳ್ಳಬಾರದು, ಸೊರಗಲೂಬಾರದು" ಅಂದರು. ಪುಸ್ತಕದಷ್ಟು ದಪ್ಪದ ಮಾತ್ರೆ ಡಬ್ಬಿ ಹಿಡಿದ ಆ ಮನುಷ್ಯ ಅವತ್ತು ನನ್ನ ಕಣ್ಣಿಗೆ ಗೃಹಸ್ಥನ ಹಾಗೆಯೇ ಕಂಡರು.

ಟ್ರಕ್ಕು ಯಾವಾಗ ಮಾರಬೇಕು ಅನ್ನುವುದಕ್ಕೆ ನಮ್ಮಿಬ್ಬರ ನಡುವೆ ಒಂದು ಒಪ್ಪಂದವಿದೆ. ತಿಂಗಳಿಗೊಮ್ಮೆ ಒಬ್ಬರೇ ಗಾಡಿಯನ್ನು ಟ್ರಕ್ಕಿಗೆ ಜೋಡಿಸಬೇಕು, ಒಂದು ಸಲ ಅವರು, ಒಂದು ಸಲ ನಾನು. ಟ್ರಕ್ಕು ಹಿಂದಕ್ಕೆ ತಂದು ಕೂರಿಸುವುದು, ಎರಡನ್ನೂ ಕೂಡಿಸುವ ಹಿಚ್ಚಿನ ಹಿಡಿಕೆ ಭದ್ರಪಡಿಸುವುದು, ಬ್ರೇಕಿನ ತಂತಿ, ದೀಪ, ಕೊನೆಗೆ ಆ ನಾರುವ ಕೊಳಚೆ ಪೈಪನ್ನು ತೊಳೆದು ಸುತ್ತಿಡುವುದು. ಇನ್ನೊಬ್ಬರು ಕುರ್ಚಿ ಹಾಕಿಕೊಂಡು ಕೂತು ನೋಡಬೇಕು, ಬಾಯಿ ತೆರೆಯಬಾರದು. ಇಬ್ಬರಲ್ಲಿ ಯಾರಿಗೆ ಆಗದೆ ಹೋದರೂ ಲಿವಿಂಗ್‌ಸ್ಟನ್ನಿಗೆ ಫೋನು.

ಹೋದ ತಿಂಗಳು ಅವರ ಸರದಿ. ಹಿಡಿಕೆ ಎಳೆಯಲು ಮೂರು ಸಲ ಬೇಕಾಯಿತು. ನಾನು ಬಾಯಿ ತೆರೆಯಲಿಲ್ಲ. ರಾತ್ರಿ ಊಟವಾದ ಮೇಲೆ ಅವರೇ ಎದ್ದುಹೋಗಿ, ಆ ಪಾರ್ಕಿನ ನಂಬರನ್ನು ದೊಡ್ಡಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದರು.