ಮಕ್ಕಳು, ಬೆಕ್ಕು ಇರೋ ಮನೆಗೆ ದೊಡ್ಡ ನಾಯಿ ತರಬಹುದಾ?

ಬೆಂಗಳೂರಿನಲ್ಲಿ ಮನೆಯಿಲ್ಲದ ನಾಯಿಗಳನ್ನು ಸ್ವಲ್ಪ ಕಾಲ ಸಾಕಿ, ಆಮೇಲೆ ಒಳ್ಳೆಯ ಮನೆ ನೋಡಿ ಕೊಡುವುದು ನಮ್ಮ ಮನೆಯವರ ಹವ್ಯಾಸ. ಹಾಗಾಗಿ ಫೋನ್ ಬರುತ್ತಲೇ ಇರುತ್ತದೆ. ಬಹುಪಾಲು ಒಂದೇ ಧಾಟಿ: "ಮೇಡಂ, ಮನೇಲಿ ಚಿಕ್ಕ ಮಕ್ಕಳಿದ್ದಾರೆ, ಒಂದು ಬೆಕ್ಕೂ ಇದೆ. ಮರಿ ಇದ್ರೆ ಹೇಳಿ. ದೊಡ್ಡ ನಾಯಿ ಹೊಂದಿಕೊಳ್ಳಲ್ಲ ಅಲ್ವಾ?"

ಹೊಂದಿಕೊಳ್ಳುತ್ತದೆ. ಚಿಕ್ಕ ಮಕ್ಕಳಿರುವ ಮನೆಗೆ ಮರಿಗಿಂತ ಎರಡು-ಮೂರು ವರ್ಷದ ನಾಯಿಯೇ ವಾಸಿ ಅನ್ನುವವಳು ನಾನು. ಆದರೆ ಯಾವುದೋ ಒಂದು ದೊಡ್ಡ ನಾಯಿ ಅಲ್ಲ, ಗುಣ ಗೊತ್ತಿರುವ ನಾಯಿ.

ಮರಿ ನೋಡಲು ಮುದ್ದು, ನಿಜ. ನಾಲ್ಕು ತಿಂಗಳಿಗೆ ಹಾಲುಹಲ್ಲು ಬೀಳತೊಡಗುತ್ತವೆ. ಆಗ ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ: ಚಪ್ಪಲಿ, ಸೋಫಾ, ಮಗುವಿನ ಫ್ರಾಕಿನ ಅಂಚು. ಮಗು ಕಿರುಚಿಕೊಂಡು ಓಡಿದರೆ ಮರಿಗೆ ಅದೇ ಆಟ. ಲಸಿಕೆ ಪೂರ್ತಿಯಾಗುವ ತನಕ, ಮರಿಗಳ ಜೀವಕ್ಕೇ ಕುತ್ತು ತರುವ ಪಾರ್ವೊ ಅನ್ನುವ ಅಂಟುರೋಗದ ಭಯದಿಂದ ಬೀದಿಗೆ ಇಳಿಸುವ ಹಾಗಿಲ್ಲ, ಮನೆಯೊಳಗೇ ಎಲ್ಲ. ಒರೆಸುವುದು ಯಾರ ಕೆಲಸ ಅಂತ ಹೇಳಬೇಕಿಲ್ಲ. ಇಷ್ಟಾದರೂ ದೊಡ್ಡದಾದ ಮೇಲೆ ಅದರ ಸ್ವಭಾವ ಹೇಗಿರುತ್ತದೆ ಅಂತ ಈಗಲೇ ಯಾರೂ ಹೇಳಲಾರರು. ಎರಡು ವರ್ಷ ದಾಟಿದ ನಾಯಿಯಲ್ಲಿ ಎತ್ತರ, ಚುರುಕು, ಮುಂಗೋಪ, ಸಂಕೋಚ ಎಲ್ಲವೂ ಕಣ್ಣೆದುರಿಗೇ ಇರುತ್ತದೆ.

ಇಂಥ ನಾಯಿಗಳಿಗೆ ಕೊರತೆಯಿಲ್ಲ. ಮರಿ ಹಾಕಿಸಿ ಹಾಕಿಸಿ ಕೊನೆಗೆ ರಸ್ತೆಗೆ ಬಿಟ್ಟ ಲ್ಯಾಬ್ರಡಾರ್, ಶೋಕಿಗೆ ತಂದು ಸಾಕಾಗಿ ಕೊಟ್ಟ ಹಸ್ಕಿ, ಅಪಘಾತವಾಗಿ ಚಿಕಿತ್ಸೆ ಮುಗಿದ ಮೇಲೂ ಆಶ್ರಯಧಾಮದಲ್ಲೇ ಉಳಿದ ನಾಡತಳಿ. 1991ರಲ್ಲಿ ಶುರುವಾದ ಕ್ಯೂಪಾದಂಥ ಪ್ರಾಣಿ ರಕ್ಷಣಾ ಸಂಸ್ಥೆಗಳ ಹತ್ತಿರ ವಿಚಾರಿಸಿ. ಬೀದಿ ನಾಯಿಯನ್ನೇ ದತ್ತು ತೆಗೆದುಕೊಳ್ಳಲು ಪಾಲಿಕೆಗೆ ಅರ್ಜಿ ಹಾಕಬಹುದು ಅಂತ ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರ ಆದೇಶದಲ್ಲಿ ಹೇಳಿದೆ. ಆದರೆ ಒಮ್ಮೆ ತಂದ ಮೇಲೆ ಅದು ಮತ್ತೆ ಬೀದಿಗೆ ಹೋಗದ ಹಾಗೆ ನೋಡಿಕೊಳ್ಳುವ ಹೊಣೆ ತಂದವರದ್ದು. ಕಿವಿಯ ಅಂಚು ಕತ್ತರಿಸಿದ್ದರೆ ಗಾಬರಿ ಬೇಡ. ಸಂತಾನಹರಣ ಆಪರೇಷನ್ ಆಗಿದೆ ಅನ್ನುವುದಕ್ಕೆ ಅದೇ ಗುರುತು.

ನಾಯಿ ನೋಡಲು ಬಂದವರು "ಒಳ್ಳೆ ನಾಯೀನಾ?" ಅಂತ ಕೇಳುತ್ತಾರೆ. ಅದಕ್ಕೆ ಯಾರಾದರೂ ಹೌದು ಅನ್ನದೆ ಇನ್ನೇನು ಅಂದಾರು? ಬೇರೆ ಥರ ಕೇಳಿ. ಮಕ್ಕಳಿರುವ ಮನೆಯಲ್ಲಿ ಇತ್ತಾ, ಎಷ್ಟು ವಯಸ್ಸಿನ ಮಕ್ಕಳು? ಊಟ ಮಾಡುವಾಗ ಯಾರಾದರೂ ಹತ್ತಿರ ಹೋದರೆ ಏನು ಮಾಡುತ್ತದೆ? ಮಲಗಿದ್ದಾಗ ಎಬ್ಬಿಸಿದರೆ? ಬೆಕ್ಕು ಎದುರಿಗೆ ಓಡಿದರೆ? ಇದರಲ್ಲಿ ಒಂದೆರಡಕ್ಕೆ "ಗೊತ್ತಿಲ್ಲ" ಅಂದರೆ ಬೇಜಾರಾಗಬೇಡಿ, ಅದು ಪ್ರಾಮಾಣಿಕ ಉತ್ತರ. ಎಲ್ಲದಕ್ಕೂ "ಏನೂ ಮಾಡಲ್ಲ ಬಿಡಿ" ಅಂದವರ ಮೇಲೆ ನನಗೆ ಜಾಸ್ತಿ ಅನುಮಾನ. ಒಂದೆರಡು ವಾರ ಮನೆಯಲ್ಲಿಟ್ಟು ನೋಡುತ್ತೇವೆ, ಆಮೇಲೆ ಪಕ್ಕಾ ಮಾಡೋಣ ಅಂತ ಕೇಳುವುದರಲ್ಲೂ ತಪ್ಪಿಲ್ಲ.

ಬೆಕ್ಕಿನ ವಿಷಯಕ್ಕೆ ಜನ ಅವಸರ ಮಾಡುತ್ತಾರೆ. ಬಾಗಿಲು ತೆಗೆದು, ನಾಯಿಯನ್ನು ಒಳಗೆ ಬಿಟ್ಟು, "ನೋಡು ನಿನ್ನ ಫ್ರೆಂಡು" ಅಂತ ಬೆಕ್ಕನ್ನು ಎತ್ತಿ ಮೂಗಿನ ಮುಂದೆ ಹಿಡಿಯುತ್ತಾರೆ. ಹಿಡಿದವರ ಕೈಗೆ ಪರಚಿದ ಗಾಯ, ಬೆಕ್ಕು ಮೂರು ದಿನ ಮಂಚದ ಕೆಳಗೆ. ಹಾಗಲ್ಲ. ಮೊದಲು ಬೇರೆ ಬೇರೆ ಕೋಣೆ. ನಾಯಿ ಮಲಗಿದ ಬಟ್ಟೆಯ ತುಂಡನ್ನು ಬೆಕ್ಕಿನ ತಟ್ಟೆಯ ಹತ್ತಿರ ಇಡಿ, ಬೆಕ್ಕಿನ ಬಟ್ಟೆಯನ್ನು ನಾಯಿಯ ಹತ್ತಿರ. ಮುಚ್ಚಿದ ಬಾಗಿಲಿನ ಆಚೆಗೊಂದು, ಈಚೆಗೊಂದು ತಟ್ಟೆ ಇಟ್ಟು ಊಟ ಹಾಕಿ. ಎರಡೂ ನೆಮ್ಮದಿಯಾಗಿ ತಿನ್ನತೊಡಗಿದ ಮೇಲೆ ಮುಖಾಮುಖಿ. ಆಗಲೂ ನಾಯಿಗೆ ಲೀಶ್ ಇರಬೇಕು. ಬೆಕ್ಕಿಗೆ ಹತ್ತಿ ಕೂರಲು ಫ್ರಿಜ್ಜೋ ಸಜ್ಜವೋ ಖಾಲಿ ಇರಬೇಕು.

ಆ ಹೊತ್ತಿನಲ್ಲಿ ನೋಡಬೇಕಾದ್ದು ನಾಯಿಯ ಮುಖವನ್ನು. ಬೆಕ್ಕನ್ನು ನೋಡಿ, ತಲೆ ತಿರುಗಿಸಿ, ನೆಲ ಮೂಸಿದರೆ ಒಳ್ಳೆಯ ಲಕ್ಷಣ. ಬಾಯಿ ಮುಚ್ಚಿ, ಮೈ ಬಿಗಿ ಮಾಡಿಕೊಂಡು, ಕಣ್ಣು ಕೀಳದೆ ನಿಂತು, ಹೆಸರು ಕೂಗಿದರೂ ಕಿವಿ ಅಲ್ಲಾಡದಿದ್ದರೆ ಅಲ್ಲಿಗೇ ನಿಲ್ಲಿಸಿ. ನಮ್ಮ ಬಾಗಲಕೋಟೆ ಕಡೆಯ ಮುಧೋಳ ನಾಯಿಯನ್ನೇ ತಗೊಳ್ಳಿ. ತಲೆಮಾರುಗಳಿಂದ ಬೇಟೆಗೆ ಸಾಕಿದ ತಳಿ ಅದು. ಮನುಷ್ಯರ ಹತ್ತಿರ ಎಷ್ಟು ಮೆತ್ತಗಿದ್ದರೂ, ಓಡುವ ಬೆಕ್ಕನ್ನು ಕಂಡರೆ ಬೇಟೆ ನೆನಪಾಗುವುದು ಅದರ ತಪ್ಪಲ್ಲ. ಬೆಕ್ಕಿನ ಜೊತೆಗೇ ಬೆಳೆದದ್ದು ಅಂತ ಖಚಿತವಿಲ್ಲದಿದ್ದರೆ ಬೆಕ್ಕಿರುವ ಮನೆಗೆ ನಾನು ಅದನ್ನು ಕೊಡುವುದಿಲ್ಲ.

ಇನ್ನು ಮಕ್ಕಳು. ಒಂದು ಮನೆಗೆ ನಾಯಿ ಹೇಗಿದೆ ಅಂತ ನೋಡಲು ಹೋಗಿದ್ದೆ. ಐದು ವರ್ಷದ ಹುಡುಗಿ ಅದರ ಕುತ್ತಿಗೆ ತಬ್ಬಿಕೊಂಡು ಕೂತಿದ್ದಳು. ನಾಯಿ ಆಕಳಿಸಿತು, ಮೂಗು ನೆಕ್ಕಿಕೊಂಡಿತು, ಕಣ್ಣಿನ ಬಿಳಿ ಕಾಣುವಷ್ಟು ಓರೆಯಾಗಿ ನೋಡಿತು. "ನಿದ್ದೆ ಬಂದಿದೆ ಪಾಪ" ಅಂದರು ಅವಳ ಅಮ್ಮ. ಅದು ನಿದ್ದೆ ಅಲ್ಲ, "ಬಿಡಮ್ಮ ಸಾಕು" ಅನ್ನುವುದು. ಬಿಡದಿದ್ದರೆ ಮುಂದಿನದು ಗುರ್ ಅನ್ನುವುದು. ಆಗ ದೊಡ್ಡವರು ನಾಯಿಗೆ ಬೈದು ಸುಮ್ಮನಾಗಿಸುತ್ತಾರೆ. ಬೈಸಿಕೊಂಡ ನಾಯಿ ಮುಂದಿನ ಸಲ ಗುರ್ ಅನ್ನದೆ ನೇರ ಕಚ್ಚಬಹುದು. ಗುರ್ ಅಂದರೆ ಮಗುವನ್ನು ಈಚೆಗೆ ಕರೆಯಿರಿ, ನಾಯಿಗೆ ಬೈಬೇಡಿ.

ಮಕ್ಕಳಿಗೆ ನಿಯಮ ಜಾಸ್ತಿ ಬೇಡ. ತಿನ್ನುವಾಗ, ಮಲಗಿದ್ದಾಗ ಮುಟ್ಟಬಾರದು. ತಬ್ಬಬಾರದು. ಬೇಕಿದ್ದರೆ ಕರೆಯಲಿ. ಬಂದರೆ ಎದೆ ಸವರಿ, ಮೂರು ಎಣಿಸಿ ಕೈ ತೆಗೆಯಲಿ. ನಾಯಿಗೆ ಬೇಕಿದ್ದರೆ ಅದೇ ಮೈ ಒತ್ತಿಕೊಂಡು ಬರುತ್ತದೆ. ಆರು ವರ್ಷದೊಳಗಿನ ಮಗುವನ್ನಂತೂ ನಾಯಿಯ ಜೊತೆ ಒಂಟಿಯಾಗಿ ಬಿಡಲೇಬೇಡಿ, ಅದೆಷ್ಟೇ ಸಾಧುವಾಗಿರಲಿ. ಅಡುಗೆಮನೆಗೆ ಹೋಗಿ ಬರುವಷ್ಟು ಹೊತ್ತೂ ಬೇಡ. ಹಲ್ಲೋ ಉಗುರೋ ತಾಗಿ ಗಾಯವಾದರೆ, ಲಸಿಕೆ ಹಾಕಿಸಿದ ನಾಯಿಯೇ ಆದರೂ, ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಡಾಕ್ಟರ ಹತ್ತಿರ ಹೋಗಿ. ಮಕ್ಕಳು ತಟ್ಟೆಯಿಂದ ಕದ್ದು ತಿನ್ನಿಸುವುದರ ಮೇಲೂ ಕಣ್ಣಿರಲಿ. ಪಾಯಸದ ದ್ರಾಕ್ಷಿ, ಈರುಳ್ಳಿ, ಚಾಕೊಲೇಟ್ ನಾಯಿಗೆ ವಿಷ.

ಹೊಸ ಮನೆಯ ಭಯ ಇಳಿಯಲು ಮೂರು ದಿನ, ದಿನಚರಿ ತಿಳಿಯಲು ಮೂರು ವಾರ, ನಮ್ಮ ಮನೆ ಅನ್ನಿಸಲು ಮೂರು ತಿಂಗಳು ಅನ್ನುವ ಲೆಕ್ಕ ನಮ್ಮಲ್ಲಿ ಓಡಾಡುತ್ತದೆ. ಅಂದಾಜು ಅಷ್ಟೇ. ಮೊದಲ ದಿನಗಳಲ್ಲಿ ಉಣ್ಣದಿದ್ದರೆ, ಮೂಲೆ ಬಿಟ್ಟು ಬರದಿದ್ದರೆ ಎಳೆದಾಡಬೇಡಿ. ನೆಂಟರನ್ನು ಕರೆಯಬೇಡಿ. ದೀಪಾವಳಿ ಹತ್ತಿರವಿದ್ದರೆ ಪಟಾಕಿ ಮುಗಿದ ಮೇಲೇ ತನ್ನಿ. ತರುವ ಮೊದಲು ಉಣ್ಣಿ ಕಚ್ಚಿ ಬರುವ ಟಿಕ್ ಫೀವರ್‌ಗೆ ಒಂದು ರಕ್ತ ಪರೀಕ್ಷೆ ಮಾಡಿಸಿ, ಈ ಊರಿನಲ್ಲಿ ಉಣ್ಣಿ ಕಾಟ ವಿಪರೀತ.

ನಾನು ಬೇಡ ಅನ್ನುವುದು ಒಂದು ಮಾತಿಗೆ: "ಮಗನಿಗೆ ಜವಾಬ್ದಾರಿ ಬರ್ಲಿ ಅಂತ ತರ್ತಿದ್ದೀವಿ." ಎರಡು ವರ್ಷದ ನಾಯಿ ಇನ್ನೂ ಹತ್ತು ವರ್ಷ ಬದುಕಬಹುದು. ಅಷ್ಟರಲ್ಲಿ ಮಗ ಪಿಯು ಮುಗಿಸಿ ಹಾಸ್ಟೆಲ್ ಸೇರಿರುತ್ತಾನೆ. ಬೆಳಿಗ್ಗೆ ಆರಕ್ಕೆ ಮಳೆಯಲ್ಲಿ ನಾಯಿಯನ್ನು ಹೊರಗೆ ಕರೆದುಕೊಂಡು ಹೋಗುವವರು ಯಾರು ಅಂತ ಕೇಳುತ್ತೇನೆ. ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನಿದ್ದು, ಕೊನೆಗೆ ತಾತನ ಹೆಸರು ಬರುತ್ತದೆ. ಸರಿ, ಹಾಗಾದರೆ ನಾಯಿ ನೋಡಲು ಬರುವಾಗ ತಾತನನ್ನೂ ಕರೆತನ್ನಿ ಅನ್ನುತ್ತೇನೆ. ಲೀಶ್ ಅವರ ಕೈಗೇ ಕೊಟ್ಟು ಬೀದಿಯ ಕೊನೆಯವರೆಗೆ ಹೋಗಿಬರಲು ಹೇಳುತ್ತೇನೆ. ನಾಯಿ ಅವರನ್ನು ಎಳೆದುಕೊಂಡು ಹೋದರೆ, ಮಕ್ಕಳಿಗೆ ಎಷ್ಟೇ ಇಷ್ಟವಾಗಿದ್ದರೂ, ಬೇರೆ ನಾಯಿ ತೋರಿಸುತ್ತೇನೆ.